ಹೆರಿಗೆ ಕೋಣೆಯಲ್ಲಿ ಜೊತೆಗೆ ಯಾರಿದ್ದರು?

ನಮ್ಮ ಕಡೆ ಯಾರಿಗಾದರೂ ಹೆರಿಗೆ ಆಯ್ತು ಅಂದರೆ ಜನ ಕೇಳುವುದು ಮೂರು ಪ್ರಶ್ನೆ. ಗಂಡಾ ಹೆಣ್ಣಾ? ನಾರ್ಮಲ್ಲಾ ಆಪರೇಷನ್ನಾ? ಮಗು ಎಷ್ಟು ಕೆಜಿ ಇದೆ? ಹಾಲಿನ ಡೇರಿ ಮುಂದೆ, ಬಸ್‌ ಸ್ಟಾಪಿನಲ್ಲಿ, ಫೋನಿನಲ್ಲಿ, ಎಲ್ಲ ಕಡೆ ಇವೇ ಮೂರು. ಉತ್ತರ ಸಿಕ್ಕಿದ ಮೇಲೆ "ಒಳ್ಳೇದಾಯ್ತು ಬುಡು" ಅಂತ ಹೇಳಿ ಮಾತು ಬೇರೆ ಕಡೆ ತಿರುಗುತ್ತದೆ.

ಹೆತ್ತವಳು ಎಷ್ಟು ಹೊತ್ತು ನೋವು ತಿಂದಳು, ಆ ಹೊತ್ತಿನಲ್ಲಿ ಅವಳ ಕೈ ಹಿಡಿಯಲು ಯಾರಾದರೂ ಇದ್ದರಾ ಅಂತ ಯಾರೂ ಕೇಳುವುದಿಲ್ಲ. ಆ ನಾಲ್ಕನೆಯ ಪ್ರಶ್ನೆಯ ಬಗ್ಗೆ ಬರೆಯೋಣ ಅಂತ ನಾವು ಕೂತಿದ್ದೇವೆ.

ನಾವು ಅಂದರೆ ಇಬ್ಬರು. ಅಕ್ಕ, ತಂಗಿ. ನಮ್ಮ ತವರು ಶ್ರೀರಂಗಪಟ್ಟಣ ತಾಲ್ಲೂಕಿನ ಬಾಬುರಾಯನಕೊಪ್ಪಲು. ಬೆಂಗಳೂರು ಮೈಸೂರು ರಸ್ತೆಯಲ್ಲಿ ಶ್ರೀರಂಗಪಟ್ಟಣ ಸಿಗುವುದಕ್ಕೆ ಸ್ವಲ್ಪ ಮುಂಚೆ ಸಿಗುವ ಊರು. ಕಬ್ಬು, ಭತ್ತ ನಮ್ಮ ಬದುಕು. ತಂಗಿ ಪತ್ರಿಕೋದ್ಯಮ ಓದಿದವಳು. ಅಕ್ಕ ಪಿಯುಸಿ ಮುಗಿಸಿ ಮದುವೆಯಾದವಳು. ಇಬ್ಬರಿಗೂ ಒಂದೊಂದು ಹೆರಿಗೆ ಆಗಿದೆ. ಅಕ್ಕನದು 2015ರಲ್ಲಿ, ತಂಗಿಯದು 2024ರಲ್ಲಿ. ಮಗು ಮಲಗಿದಾಗ ಅಕ್ಕ ಹೇಳುತ್ತಾ ಹೋದಳು, ತಂಗಿ ಫೋನಿನಲ್ಲಿ ಟೈಪ್ ಮಾಡುತ್ತಾ ಹೋದಳು. ತಂಗಿ ಮರೆತದ್ದನ್ನು ಅಕ್ಕ ನೆನಪು ಮಾಡಿದಳು. ಹಾಗಾಗಿ ಇದು ಒಬ್ಬಳ ಬರಹ ಅಲ್ಲ.

ಮೊದಲು ನಮ್ಮ ಅಜ್ಜಿ ಕಾಲದ ಮಾತು ಹೇಳಬೇಕು.

ಅಜ್ಜಿ ಆರು ಮಕ್ಕಳನ್ನು ಹೆತ್ತಿದ್ದು ಮನೆಯಲ್ಲೇ. ನಡುಮನೆಯ ಹಿಂದೆ ಒಂದು ಕತ್ತಲೆ ಕೋಣೆ, ನೆಲಕ್ಕೆ ಹಳೇ ಗೋಣಿಚೀಲ, ಮೂಲೆಯಲ್ಲಿ ಹಂಡೆ ತುಂಬ ಬಿಸಿನೀರು. ಪಕ್ಕದ ಬೀದಿಯಿಂದ ಸೂಲಗಿತ್ತಿ ಬರುತ್ತಿದ್ದರು. ಬಂದವರು ಮಗು ಹುಟ್ಟಿ, ಮಾಸು ಬಿದ್ದು, ತಾಯಿಗೆ ನೀರು ಹಾಕಿ ಮಲಗಿಸುವವರೆಗೂ ಮನೆಗೆ ಹೋಗುತ್ತಿರಲಿಲ್ಲವಂತೆ. ಎರಡು ಹಗಲು ಆದರೂ ಸರಿ, ಕೂತೇ ಇರುತ್ತಿದ್ದರು. ಸೊಂಟಕ್ಕೆ ಹರಳೆಣ್ಣೆ ಹಚ್ಚಿ ನೀವುವುದು, ಹಿಂದಿನಿಂದ ತಬ್ಬಿ ಹಿಡಿದುಕೊಳ್ಳುವುದು, ರಾಗಿ ಗಂಜಿ ಕುಡಿಸುವುದು, ಬೈಯುವುದು, ನಗಿಸುವುದು. ಎಲ್ಲ ಮುಗಿದ ಮೇಲೆ ಎಲೆ ಅಡಿಕೆ, ಒಂದು ಸೀರೆ, ಒಂದು ಮೊರ ರಾಗಿ ತೆಗೆದುಕೊಂಡು ಹೋಗುತ್ತಿದ್ದರು.

"ನೋವು ಯಾರಿಗೂ ತಪ್ಪಿದ್ದಲ್ಲ ಕನವ್ವ. ಆದ್ರೆ ಒಬ್ಳೇ ಅನ್ನುಸ್ತಿರ್ಲಿಲ್ಲ" ಅಂತ ಅಜ್ಜಿ ಹೇಳುತ್ತಾರೆ.

ಇಂಥ ತಾಯಂದಿರು ನಮ್ಮ ನಾಡಿನ ಊರೂರಲ್ಲೂ ಇದ್ದರು. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರುತ್ತೀರಿ. ಆಸ್ಪತ್ರೆ ಕಾಣದ ಊರುಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ ಅವರ ಹೆಸರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಓದು ಬರಹ ಇಲ್ಲದ ಹಳ್ಳಿಯ ಹೆಂಗಸು ಕಲಿತ ವಿದ್ಯೆಗೆ ದೇಶ ಕೈಮುಗಿದದ್ದು ನಮಗೆಲ್ಲ ಹೆಮ್ಮೆ.

ಆದರೆ ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾವು ಹೇಳಲು ಹೊರಟಿಲ್ಲ. ಅಜ್ಜಿಯೇ ಹಾಗೆ ಹೇಳುವುದಿಲ್ಲ. ಅಜ್ಜಿಯ ಅಕ್ಕ ಪಾಂಡವಪುರದ ಕಡೆ ಒಂದು ಊರಿಗೆ ಮದುವೆಯಾಗಿ ಹೋಗಿದ್ದರು. ಮೂರನೇ ಹೆರಿಗೆಯಲ್ಲಿ ಮಗು ಚೆನ್ನಾಗಿ ಹುಟ್ಟಿತು. ಮಾಸು ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ಗೊತ್ತಿದ್ದನ್ನೆಲ್ಲ ಮಾಡಿದರು. ಕೊನೆಗೆ ಗಾಡಿ ಕಟ್ಟಿಕೊಂಡು ಆಸ್ಪತ್ರೆ ಕಡೆ ಹೊರಟರು. ಅರ್ಧ ದಾರಿಯಲ್ಲೇ ಗಾಡಿ ವಾಪಸ್ ತಿರುಗಿತು. ಅಜ್ಜಿ ಈ ಮಾತು ಹೇಳುವಾಗ ಇವತ್ತಿಗೂ ಸೆರಗು ಬಾಯಿಗೆ ಹಿಡಿಯುತ್ತಾರೆ.

ಕೈಯಲ್ಲಿ ಎಷ್ಟು ವಿದ್ಯೆ ಇದ್ದರೂ ಆ ಮನೆಯಲ್ಲಿ ಕೊಡಲು ರಕ್ತ ಇರಲಿಲ್ಲ, ಗರ್ಭಕೋಶ ಬಿಗಿ ಮಾಡುವ ಇಂಜೆಕ್ಷನ್ ಇರಲಿಲ್ಲ, ಆಪರೇಷನ್ ಮಾಡುವವರು ಇರಲಿಲ್ಲ. ಅದಕ್ಕೇ ಹೆರಿಗೆ ಆಸ್ಪತ್ರೆಗೆ ಹೋಯಿತು, ಹೋಗಬೇಕಾಗಿತ್ತು.

ಲೆಕ್ಕ ನೋಡಿ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿತ್ತು. 2019-21ರ ಸಮೀಕ್ಷೆ ಹೊತ್ತಿಗೆ ಅದು 97 ಆಯಿತು. 2001-03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಆ ಸಂಖ್ಯೆ 69ಕ್ಕೆ ಇಳಿಯಿತು. 69 ಕೂಡ ಹೆಚ್ಚೇ. ಪಕ್ಕದ ಕೇರಳದಲ್ಲಿ ಅದೇ ಲೆಕ್ಕ 19 ಇತ್ತು. ಆದರೂ ಹದಿನೇಳು ಹದಿನೆಂಟು ವರ್ಷದಲ್ಲಿ ಇಷ್ಟು ಬದಲಾವಣೆ ಆಗಿದ್ದು ಸುಮ್ಮನೆ ಅಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆ ಬಾಗಿಲು ತಟ್ಟಿದ್ದು, 2008ರಲ್ಲಿ 108 ಆಂಬುಲೆನ್ಸ್ ಬಂದದ್ದು, 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ರಕ್ತ, ಊಟ ಎಲ್ಲ ಉಚಿತ ಆದದ್ದು, ಎಲ್ಲವೂ ಸೇರಿ ಆಗಿದ್ದು.

ಹೀಗೆ ಮನೆಯಿಂದ ಆಸ್ಪತ್ರೆಗೆ ಹೋಗುವಾಗ ಒಂದು ಮಾತ್ರ ಬಾಗಿಲ ಹೊರಗೇ ಉಳಿಯಿತು. ಪಕ್ಕದಲ್ಲಿ ಕೂರುವ ಹೆಂಗಸು.

ಅಕ್ಕನ ಹೆರಿಗೆ ಹಾಗೇ ಆಯಿತು. 2015. ಆಸ್ಪತ್ರೆಯ ಹೆಸರು ಬೇಡ, ಯಾಕಂದರೆ ಆಗ ಹೆಚ್ಚುಕಡಿಮೆ ಎಲ್ಲ ಕಡೆ ಹಾಗೇ ಇತ್ತು. ಬೆಳಿಗ್ಗೆ ಒಳಗೆ ಕರೆದುಕೊಂಡರು, ಬಾಗಿಲು ಹಾಕಿದರು. ಅವ್ವ ಫ್ಲಾಸ್ಕು ಹಿಡಿದುಕೊಂಡು ಹೊರಗೆ ನೆಲದ ಮೇಲೆ ಕೂತರು. ಒಳಗೆ ಮೂರು ಮಂಚ, ಮೂವರು ಹೆಂಗಸರು. ಹನ್ನೊಂದು ಗಂಟೆ. ಬಾಯಿ ಒಣಗಿದರೆ ನೀರು ಕೇಳಲು ಹೆದರಿಕೆ. ಜೋರಾಗಿ ಕಿರುಚಿದ್ದಕ್ಕೆ ಒಬ್ಬರು ಬೈದರು. ಆ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ, ಆದರೆ ಹೆತ್ತ ಹೆಂಗಸರಲ್ಲಿ ಸುಮಾರು ಜನ ಅದನ್ನು ಕೇಳಿದ್ದಾರೆ.

ಪಕ್ಕದ ಮಂಚದಲ್ಲಿ ಕೆ.ಆರ್.ಪೇಟೆ ಕಡೆಯ ಹುಡುಗಿ ಇದ್ದಳು. ಅವಳಿಗೂ ಚೊಚ್ಚಲು. ನೋವು ಜಾಸ್ತಿ ಆದಾಗ ಅವಳು ಈ ಕಡೆ ಕೈ ಚಾಚಿದಳು. ಅಕ್ಕ ಆ ಕೈ ಹಿಡಿದುಕೊಂಡಳು. ಎರಡು ಮಂಚದ ನಡುವೆ ಹಾಗೇ ಕೈ ಹಿಡಿದುಕೊಂಡು ಇಬ್ಬರೂ ಮಧ್ಯಾಹ್ನದವರೆಗೂ ಕಳೆದರು. ಹೆಸರು ಕೂಡ ಕೇಳಿಕೊಳ್ಳಲಿಲ್ಲ. ಮೊದಲು ಅವಳಿಗೆ ಹೆರಿಗೆ ಆಯಿತು, ಅವಳನ್ನು ಕರೆದುಕೊಂಡು ಹೋದರು. ಆಮೇಲಿನ ಎರಡು ಗಂಟೆ ಅಕ್ಕನಿಗೆ ಎಲ್ಲಕ್ಕಿಂತ ಉದ್ದ.

ಅಕ್ಕ ಈ ಮಾತನ್ನು ಒಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ. "ಗಂಡು ಮಗು, ನಾರ್ಮಲ್, ಮೂರು ಕೆಜಿ" ಅಂದರೆ ಎಲ್ಲ ಮುಗಿಯಿತಲ್ಲ, ಇನ್ನೇನು ಹೇಳುವುದು? ತಂಗಿಗೆ ಎಂಟು ತಿಂಗಳಾಗಿ ತವರಿಗೆ ಬಂದಾಗ, ಒಂದು ರಾತ್ರಿ ಮಲಗುವ ಮುಂಚೆ ಹೇಳಿದಳು. ಕೊನೆಗೆ ಒಂದೇ ಮಾತು: "ನಿನ್ನ ಮಾತ್ರ ನಾನು ಹಂಗೆ ಒಬ್ಳೇ ಬುಡಕಿಲ್ಲ."

ಬಿಡಬೇಕಾಗಿಯೂ ಇಲ್ಲ ಅಂತ ನಮಗೆ ಗೊತ್ತಾಗಿದ್ದು ನಮ್ಮ ಆಶಾ ಅಕ್ಕನಿಂದ. ತಾಯಿ ಕಾರ್ಡಿಗೆ ಬರೆಯಲು ಮನೆಗೆ ಬಂದಿದ್ದರು. ನಾವು ಕೇಳಿದೆವು. "ಜೊತೆಗೆ ಒಬ್ಬ ಹೆಂಗಸು ಇರಬಹುದು ಅಂತ ರೂಲ್ಸ್ ಅದೆ ಕನ್ರವ್ವ. ಆದ್ರೆ ಮುಂಚೆನೇ ಕೇಳ್ಕೊಬೇಕು. ನೋವು ಬಂದಾಗ ಬಾಗ್ಲತ್ರ ನಿಂತ್ಕೊಂಡು ಕೇಳುದ್ರೆ ಯಾರಿಗೂ ಪುರುಸೊತ್ತಿರಕಿಲ್ಲ" ಅಂದರು.

ಆಮೇಲೆ ನಾವು ಓದಿ ತಿಳಿದುಕೊಂಡೆವು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಮಯದಲ್ಲಿ ಜೊತೆಗೊಬ್ಬರು ಇರಲು ಅವಕಾಶ ಕೊಟ್ಟಿದೆ. 2017ರ ಕೊನೆಯಲ್ಲಿ ಶುರುವಾದ 'ಲಕ್ಷ್ಯ' ಅನ್ನುವ ಹೆರಿಗೆ ಕೋಣೆ ಸುಧಾರಣೆಯ ಯೋಜನೆಯೂ ಅದನ್ನೇ ಹೇಳುತ್ತದೆ. ಪಕ್ಕದ ತಮಿಳುನಾಡು 2004ರಲ್ಲೇ ಇದನ್ನು ಶುರು ಮಾಡಿತ್ತು. ಜೊತೆಗೆ ಇರುವವಳು ಹೆಂಗಸಾಗಿರಬೇಕು, ಒಮ್ಮೆ ಹೆತ್ತ ಅನುಭವ ಇದ್ದರೆ ಒಳ್ಳೆಯದು. ಅಂಟುರೋಗ ಇರಬಾರದು, ಶುಭ್ರವಾದ ಬಟ್ಟೆ ಹಾಕಿರಬೇಕು, ಕೊನೆಯವರೆಗೂ ಇರಬೇಕು. ವೈದ್ಯರ, ನರ್ಸುಗಳ ಕೆಲಸಕ್ಕೆ ಅಡ್ಡ ಬರಬಾರದು, ಬೇರೆ ಮಂಚದವರ ಹತ್ತಿರ ಹೋಗಬಾರದು. ಪ್ರತಿ ಮಂಚಕ್ಕೂ ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆ ದಿನ ಹೋದಾಗ ಡಾಕ್ಟರಮ್ಮನನ್ನು ಕೇಳಿದೆವು. ಅವರು ತಲೆ ಎತ್ತಿ ನೋಡಿ, "ಯಾರು ಇರ್ತೀರಿ?" ಅಂದರು. ಅಕ್ಕ "ನಾನು ಮೇಡಂ" ಅಂದಳು. "ಒಬ್ಬರೇ. ಮಧ್ಯದಲ್ಲಿ ಬದಲಾಯಿಸೋ ಹಾಗಿಲ್ಲ. ಒಳಗೆ ಅಳೋ ಹಾಗಿಲ್ಲ" ಅಂದರು. ಅಷ್ಟೇ.

ಹೆರಿಗೆ ಆದದ್ದು 2024ರ ಆಗಸ್ಟ್ ಮೊದಲ ವಾರ. ಹಿಂದಿನ ವರ್ಷದ ಬರ ಹೋಗಿ ಕನ್ನಂಬಾಡಿ ಕಟ್ಟೆ ತುಂಬಿತ್ತು, ಹೊಳೆಗೆ ನೀರು ಬಿಟ್ಟಿದ್ದರು. ರಾತ್ರಿ ಊಟ ಮುಗಿಸಿದ ಹೊತ್ತಿಗೆ ತಂಗಿಗೆ ಸೊಂಟ ಹಿಡಿಯಿತು. ಮೊದಲು ಅದು ಸುಳ್ಳು ನೋವು ಅಂದುಕೊಂಡೆವು. ಸುಳ್ಳು ನೋವು ಬರುತ್ತದೆ, ಹೋಗುತ್ತದೆ, ಓಡಾಡಿದರೆ ಕಮ್ಮಿ ಆಗುತ್ತದೆ. ಇದು ಹಾಗಿರಲಿಲ್ಲ. ಸೊಂಟದಿಂದ ಶುರುವಾಗಿ ಕಿಬ್ಬೊಟ್ಟೆಗೆ ಸುತ್ತಿಕೊಂಡು ಬರುತ್ತಿತ್ತು. ಅಕ್ಕ ಗಡಿಯಾರ ನೋಡಿ ಬರೆಯತೊಡಗಿದಳು. ಇಪ್ಪತ್ತು ನಿಮಿಷಕ್ಕೊಂದು, ಆಮೇಲೆ ಹದಿನೈದು, ಆಮೇಲೆ ಹತ್ತು. ರಾತ್ರಿ ಎರಡು ಗಂಟೆಗೆ ನೀರು ಹೋಯಿತು. ಬಣ್ಣ ನೋಡು ಅಂತ ಆಶಾ ಅಕ್ಕ ಮೊದಲೇ ಹೇಳಿದ್ದರು. ತಿಳಿಯಾಗಿತ್ತು. ಹಸಿರು ಇದ್ದರೆ ಮಗು ಒಳಗೇ ಮಲ ಮಾಡಿದೆ ಅಂತ ಅರ್ಥ, ಆಗ ತಡ ಮಾಡಲೇಬಾರದು.

ಬೀದಿಯ ಆಟೋ ಕರೆಯೋಣ ಅಂತ ಅಪ್ಪ ಎದ್ದರು. ಆದರೆ 2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ ಆಟೋ, ಬೈಕು, ಟ್ರ್ಯಾಕ್ಟರ್ ಹತ್ತಿಸುವ ಹಾಗಿಲ್ಲ. ಸರ್ವಿಸ್ ರಸ್ತೆಯ ಗುಂಡಿ, ಹಂಪು, ಕತ್ತಲಲ್ಲಿ ಆ ನೋವು ಇಟ್ಟುಕೊಂಡು ಕೂರುವುದು ಹೇಗೆ? 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬಂತು. ಬ್ಯಾಗು ಮೊದಲೇ ಕಟ್ಟಿಟ್ಟಿದ್ದೆವು. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಆಧಾರ್, ರೇಷನ್ ಕಾರ್ಡು, ಹಳೇ ಕಾಟನ್ ಸೀರೆ, ಮಗುವಿಗೆ ಬಟ್ಟೆ, ಅಕ್ಕನಿಗೂ ಒಂದು ಜೊತೆ ಒಗೆದ ಬಟ್ಟೆ.

ಆಸ್ಪತ್ರೆ ಬಾಗಿಲಲ್ಲಿ ಅಕ್ಕನನ್ನು ತಡೆದರು. "ಒಳಗೆ ಯಾರನ್ನೂ ಬಿಡಲ್ಲ." ಅಕ್ಕ ಜಗಳ ಮಾಡಲಿಲ್ಲ. "ಡಾಕ್ಟರಮ್ಮ ಒಪ್ಪಿದ್ದಾರೆ, ಒಂದ್ಸಲ ಸಿಸ್ಟರನ್ನ ಕರೀರಿ" ಅಂದಳು. ಮತ್ತೆ ಅದನ್ನೇ ಅಂದಳು. ಮೂರನೇ ಸಲ ಹೇಳುವಾಗ ಸಿಸ್ಟರ್ ಹೊರಗೆ ಬಂದರು. ಕಾರ್ಡು ನೋಡಿದರು. "ಚಪ್ಪಲಿ ಬಿಟ್ಟು, ಬಟ್ಟೆ ಬದಲಾಯಿಸಿ, ಕೈ ತೊಳ್ಕೊಂಡು ಬನ್ನಿ" ಅಂದರು.

ಪರೀಕ್ಷೆ ಮಾಡಿ ನಾಲ್ಕು ಸೆಂಟಿಮೀಟರ್ ಅಂದರು. ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರ್ ತೆರೆಯಬೇಕು. ಚೊಚ್ಚಲಿಗೆ ಅದು ನಿಧಾನ. ಆಗ ಬೆಳಗಿನ ಜಾವ ಮೂರೂವರೆ.

ಮುಂದಿನ ಹತ್ತು ಗಂಟೆ ಹೇಗಿತ್ತು ಅಂತ ಕೇಳಿದರೆ ತಂಗಿಗೆ ಪೂರ್ತಿ ನೆನಪಿಲ್ಲ. ನೋವಿಗೆ ಒಂದು ಗುಣ ಇದೆ, ಅದು ಹೊತ್ತನ್ನು ಕಲಸಿಬಿಡುತ್ತದೆ. ಸೊಂಟದ ಮೂಳೆಯನ್ನು ಎರಡು ಕಡೆಯಿಂದ ಹಿಡಿದು ಬಿಡಿಸಿದ ಹಾಗೆ. ಹೋಗುತ್ತದೆ. ಒಂದೆರಡು ನಿಮಿಷ ಏನೂ ಇಲ್ಲ, ನಿದ್ದೆ ಕೂಡ ಬರುತ್ತದೆ. ಮತ್ತೆ ದೂರದಿಂದ ಬರುವುದು ಗೊತ್ತಾಗುತ್ತದೆ, ಆಗ ಆಗುವ ಹೆದರಿಕೆ ನೋವಿಗಿಂತ ಜಾಸ್ತಿ. "ಆಗಲ್ಲ, ಆಪರೇಷನ್ ಮಾಡ್ಬುಡಿ ಅನ್ನು" ಅಂತ ತಂಗಿ ಅಕ್ಕನಿಗೆ ಎಷ್ಟು ಸಲ ಹೇಳಿದಳೋ ಲೆಕ್ಕ ಇಲ್ಲ.

ಅಕ್ಕ ಮಾಡಿದ್ದು ದೊಡ್ಡ ಕೆಲಸ ಏನಲ್ಲ. ನೋವು ಬಂದಾಗ ಸೊಂಟದ ಕೆಳಗೆ ಅಂಗೈಯಿಂದ ಒತ್ತಿ ಹಿಡಿಯುವುದು. ಹೋದಾಗ ಒಂದು ಗುಟುಕು ನೀರು. ಎದ್ದು ನಾಲ್ಕು ಹೆಜ್ಜೆ ನಡೆಸುವುದು, ಸುಸ್ತಾದರೆ ಎಡಮಗ್ಗುಲಿಗೆ ಮಲಗಿಸುವುದು. ಮೂತ್ರಕ್ಕೆ ಕರೆದುಕೊಂಡು ಹೋಗುವುದು. "ಬಾಯಿಂದ ಉಸಿರು ಬಿಡು, ಉದ್ದಕ್ಕೆ ಬಿಡು" ಅನ್ನುವುದು. ಸಿಸ್ಟರ್ ಹೇಳಿದ್ದನ್ನು ಮತ್ತೆ ನಮ್ಮ ಮಾತಲ್ಲಿ ಹೇಳುವುದು. ನೋವಿನಲ್ಲಿ ಇರುವವಳಿಗೆ ಬೇರೆಯವರ ಮಾತು ಕಿವಿಗೆ ಬೀಳುವುದಿಲ್ಲ, ಗೊತ್ತಿರುವ ದನಿ ಬೀಳುತ್ತದೆ. "ಆರಾಯ್ತಂತೆ. ಎಂಟಾಯ್ತಂತೆ. ಅರ್ಧಕ್ಕಿಂತ ಜಾಸ್ತಿ ಮುಗುದದೆ ಕನೆ" ಅಂತ ಅಕ್ಕ ಹೇಳಿದಾಗ ತಂಗಿಗೆ ಮುಂದಿನ ನೋವು ತಡೆಯಲು ಆಗುತ್ತಿತ್ತು.

ಸಿಸ್ಟರ್ ಕಡೆಯಿಂದಲೂ ನೋಡಬೇಕು. ಆ ಬೆಳಿಗ್ಗೆ ಅವರು ಒಬ್ಬರು, ನೋವಿನಲ್ಲಿದ್ದವರು ಮೂವರು. ಒಬ್ಬಳ ಹತ್ತಿರ ಮಗುವಿನ ಎದೆ ಬಡಿತ ಕೇಳಿ, ಇನ್ನೊಬ್ಬಳಿಗೆ ಡ್ರಿಪ್ ಹಾಕಿ, ಮೂರನೆಯವಳ ಕಾಗದ ಬರೆಯುವಷ್ಟರಲ್ಲಿ ಗಂಟೆ ಕಳೆಯುತ್ತದೆ. ಅವರು ಕೂತು ಯಾರ ಬೆನ್ನು ಉಜ್ಜಲಿ? "ನೀವು ಇದ್ದದ್ದು ನಮಗೂ ಒಳ್ಳೇದಾಯ್ತು" ಅಂತ ಅವರೇ ಆಮೇಲೆ ಅಂದರು.

ಮಧ್ಯಾಹ್ನ ಒಂದೂಮುಕ್ಕಾಲಿಗೆ ಮಗು ಹುಟ್ಟಿತು. ಎರಡು ಕೆಜಿ ಎಂಟುನೂರು ಗ್ರಾಂ. ಅತ್ತ ತಕ್ಷಣ ಒರೆಸಿ ತಂಗಿಯ ಎದೆ ಮೇಲೆ ಮಲಗಿಸಿದರು. ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ಮಗು ಹುಟ್ಟಿದ ಒಂದು ನಿಮಿಷದೊಳಗೆ ಕೊಡುವ ಆ ಇಂಜೆಕ್ಷನ್ ಗರ್ಭಕೋಶವನ್ನು ಬಿಗಿ ಮಾಡಿ ರಕ್ತ ಹೋಗುವುದನ್ನು ತಡೆಯುತ್ತದೆ. ಹತ್ತು ನಿಮಿಷಕ್ಕೆ ಮಾಸು ಬಿತ್ತು. ಅಜ್ಜಿಯ ಅಕ್ಕನಿಗೆ ಬೀಳದೇ ಹೋದ ಮಾಸು.

ಎಲ್ಲ ಮುಗಿಯಿತು ಅಂದುಕೊಂಡೆವು. ಪಕ್ಕದ ಮಂಚದವಳಿಗೆ ಮಗುವಿನ ತಲೆ ಕಾಣುತ್ತಿತ್ತು, ಸಿಸ್ಟರ್ ಅಲ್ಲಿಗೆ ಓಡಿದರು. ತಂಗಿ ಕಣ್ಣು ಮುಚ್ಚಿದ್ದಳು. ಹೆತ್ತ ಸುಸ್ತು, ಮಲಗಲಿ ಅಂತ ಯಾರಿಗಾದರೂ ಅನ್ನಿಸುತ್ತಿತ್ತು. ಅಕ್ಕ ಸೀರೆ ಸರಿ ಮಾಡಲು ಬಗ್ಗಿದಾಗ ಕೆಳಗೆ ಹಾಕಿದ್ದ ಬಟ್ಟೆ ತೊಯ್ದು ಹೋಗಿತ್ತು. ಸ್ವಲ್ಪ ಹೊತ್ತಿನ ಮುಂಚೆ ಬದಲಾಯಿಸಿದ ಬಟ್ಟೆ. ತಂಗಿಯ ಕೈ ತಣ್ಣಗಿತ್ತು.

"ಸಿಸ್ಟರ್, ರಕ್ತ ಜಾಸ್ತಿ ಹೋಗ್ತಾ ಅದೆ, ಬನ್ನಿ" ಅಂತ ಅಕ್ಕ ಕೂಗಿದಳು. ಅವರು ಬಂದು ಹೊಟ್ಟೆ ಮುಟ್ಟಿ ನೋಡಿದರು. ಗರ್ಭಕೋಶ ಸಡಿಲ ಬಿಟ್ಟಿತ್ತು. ಡಾಕ್ಟರನ್ನು ಕರೆದರು. ಹೊಟ್ಟೆಯನ್ನು ಮೇಲಿನಿಂದ ಗಟ್ಟಿಯಾಗಿ ಉಜ್ಜಿದರು, ಡ್ರಿಪ್ಪಿಗೆ ಔಷಧಿ ಹಾಕಿದರು, ಮೂತ್ರ ಖಾಲಿ ಮಾಡಿಸಿದರು. ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಡಾಕ್ಟರು ಅಕ್ಕನ ಕೈ ಹಿಡಿದು ತಂಗಿಯ ಹೊಕ್ಕುಳ ಹತ್ತಿರ ಇಟ್ಟರು. ಗಟ್ಟಿ ಚೆಂಡಿನ ಹಾಗಿತ್ತು. "ಹೀಗೇ ಗಟ್ಟಿ ಇರಬೇಕು. ಮೆತ್ತಗಾದರೆ ಕೂಗಿ. ಎರಡು ಗಂಟೆ ಕಣ್ಣು ಮುಚ್ಚಬೇಡಿ" ಅಂದರು. ಅಕ್ಕ ಎರಡು ಗಂಟೆ ಆ ಜಾಗದ ಮೇಲೆ ಕೈ ಇಟ್ಟುಕೊಂಡೇ ಇದ್ದಳು.

ಅಕ್ಕ ಇರದೇ ಇದ್ದಿದ್ದರೂ ಸಿಸ್ಟರ್ ನೋಡುತ್ತಿದ್ದರು. ಹೆರಿಗೆಯಾದ ಮೇಲೆ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನೋಡುವುದು ಅವರ ಕ್ರಮ. ಆದರೆ ರಕ್ತ ಹೋಗುವಾಗ ಹದಿನೈದು ನಿಮಿಷ ಬಹಳ ದೊಡ್ಡದು. ಬಾಣಂತಿಯರ ಸಾವಿಗೆ ದೊಡ್ಡ ಕಾರಣಗಳಲ್ಲಿ ಹೆರಿಗೆ ನಂತರದ ರಕ್ತಸ್ರಾವ ಒಂದು. ಅದು ಶುರುವಾದಾಗ ಕೂಗು ಹಾಕುವ ಒಂದು ಬಾಯಿ ಪಕ್ಕದಲ್ಲಿ ಇರಬೇಕು.

ಹೊರಗೆ ಅವ್ವ ಕಾಯುತ್ತಿದ್ದರು. ಆಯಾ ಹೋಗಿ "ಹೆಣ್ಣು" ಅಂದರಂತೆ, ದನಿ ಸ್ವಲ್ಪ ತಗ್ಗಿಸಿ. ಅವ್ವ "ತಾಯಿ ಹೆಂಗವ್ಳೆ?" ಅಂತ ಕೇಳಿದರಂತೆ.

ಗಂಡಾ ಹೆಣ್ಣಾ ಅನ್ನುವ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಏನು ಮಾಡಿದೆ ಅಂತ ನಿಮಗೆ ಗೊತ್ತು. 2023ರ ಕೊನೆಯಲ್ಲಿ ಮಂಡ್ಯ ಹತ್ತಿರದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೊಟ್ಟೆಯಲ್ಲಿರುವುದು ಹೆಣ್ಣು ಅಂತ ಪತ್ತೆ ಮಾಡಿ ತೆಗೆಸುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದರು. ಬೆಲ್ಲ ಮಾಡುವ ಜಾಗ ಅದು. 1994ರಲ್ಲೇ ಇದರ ವಿರುದ್ಧ ಕಾನೂನು ಬಂದಿದೆ. ಕಾನೂನು ಇದ್ದರೂ, ಹೆತ್ತವಳ ಮುಂದೆ ಮೊದಲು ಯಾವ ಪ್ರಶ್ನೆ ಕೇಳುತ್ತೇವೆ ಅನ್ನುವುದು ನಮ್ಮ ಬಾಯಲ್ಲೇ ಇದೆ. ಅವ್ವ ಓದಿದ್ದು ನಾಲ್ಕನೇ ಕ್ಲಾಸು.

ಇನ್ನು ಸ್ವಲ್ಪ ಹೊರಗಿನ ಲೋಕದ ಮಾತು. ಪಕ್ಕದಲ್ಲಿ ಒಬ್ಬರು ಇದ್ದರೆ ಏನು ವ್ಯತ್ಯಾಸ ಆಗುತ್ತದೆ ಅಂತ ವಿಜ್ಞಾನಿಗಳು ನೋಡಿದ್ದಾರೆ. 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವರದಿ 2017ರಲ್ಲಿ ಬಂತು. ಹೆರಿಗೆ ಪೂರ್ತಿ ಒಬ್ಬರು ಜೊತೆಗಿದ್ದವರಿಗೆ ಸಹಜ ಹೆರಿಗೆ ಹೆಚ್ಚು, ಆಪರೇಷನ್ ಕಮ್ಮಿ, ನೋವಿನ ಹೊತ್ತು ಸ್ವಲ್ಪ ಕಮ್ಮಿ, ಹೆರಿಗೆ ಬಗ್ಗೆ ಕೆಟ್ಟ ನೆನಪು ಉಳಿಯುವುದೂ ಕಮ್ಮಿ ಅಂತ ಅದು ಹೇಳಿತು. ಮುಂದಿನ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ತಾಯಿಗೂ ಅವಳು ಇಷ್ಟಪಟ್ಟ ಒಬ್ಬರು ಜೊತೆಗಿರಬೇಕು ಅಂತ ಸಲಹೆ ಕೊಟ್ಟಿತು. ಅಜ್ಜಿಗೆ ಇದನ್ನು ಓದಿ ಹೇಳಿದೆವು. "ಅದ್ಕೆ ಅಷ್ಟು ದೇಸ ಸುತ್ಬೇಕಾಗಿತ್ತಾ" ಅಂದರು.

ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಈ ನಾಲ್ಕು ಮಾತು ನೆನಪಿಡಿ.

ಏಳನೇ ತಿಂಗಳಲ್ಲೇ ಜೊತೆಗೆ ಯಾರು ಅಂತ ಅವಳನ್ನೇ ಕೇಳಿ. ಅತ್ತೆ, ಅವ್ವ, ಅಕ್ಕ, ಓರಗಿತ್ತಿ, ಸ್ನೇಹಿತೆ, ಯಾರ ಕೈ ಹಿಡಿದರೆ ಅವಳಿಗೆ ಧೈರ್ಯ ಬರುತ್ತದೋ ಅವರು. ಮನೆಯ ಹಿರಿಯರು ಅನ್ನುವ ಲೆಕ್ಕ ಇದಕ್ಕೆ ಬರುವುದಿಲ್ಲ. ರಕ್ತ ನೋಡಿದರೆ ತಲೆ ತಿರುಗುವವರು ಬೇಡ.

ತಪಾಸಣೆಗೆ ಹೋದಾಗ ಡಾಕ್ಟರ ಹತ್ತಿರ, ಆಶಾ ಕಾರ್ಯಕರ್ತೆಯ ಹತ್ತಿರ ಮೊದಲೇ ಮಾತಾಡಿ. ಖಾಸಗಿ ಆಸ್ಪತ್ರೆ ಆದರೂ ಕೇಳಿ. ಬಾಗಿಲಲ್ಲಿ ತಡೆದರೆ ಕೂಗಾಡಬೇಡಿ, ಸಿಸ್ಟರನ್ನು ಕರೆಯಲು ಹೇಳಿ. ಒಳಗೆ ಮರೆ ಇಲ್ಲದೆ ಬೇರೆ ಹೆಂಗಸರು ಇರುತ್ತಾರೆ, ಅವರ ಮಾನವೂ ಮುಖ್ಯ. ಒಳಗೆ ಹೋದ ಮೇಲೆ ಫೋಟೋ, ವಿಡಿಯೋ ತೆಗೆಯಬೇಡಿ.

ಒಳಗೆ ಇರುವವರು ಅವಳ ಕೈ, ಬೆನ್ನು, ನೀರು, ಉಸಿರು ನೋಡಿಕೊಂಡರೆ ಸಾಕು. ಹೊಟ್ಟೆ ಮೇಲೆ ಒತ್ತಬೇಡಿ, ಹೊತ್ತಿಗೆ ಮುಂಚೆ ಮುಕ್ಕು ಅಂತ ಒತ್ತಾಯ ಮಾಡಬೇಡಿ. ಮಗು ಬಂದ ಮೇಲೆ ಎಲ್ಲರ ಕಣ್ಣು ಮಗುವಿನ ಮೇಲೆ ಇರುತ್ತದೆ. ನಿಮ್ಮ ಕಣ್ಣು ತಾಯಿ ಮೇಲೆ ಇರಲಿ. ಬಟ್ಟೆ ಬೇಗ ಬೇಗ ತೊಯ್ಯುವುದು, ಕೈಕಾಲು ತಣ್ಣಗಾಗುವುದು, ತಲೆಸುತ್ತು, ಮಾತು ತೊದಲುವುದು ಕಂಡರೆ ತಕ್ಷಣ ಕೂಗಿ. ಹೆದರಬೇಡಿ, ಬೈದರೆ ಬೈಯಲಿ.

ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಮೊದಲ ಹಾಲು ಕುಡಿಸಿ. ಹಳದಿ ಇದೆ ಅಂತ ಹಿಂಡಿ ಚೆಲ್ಲುವುದು ಇನ್ನೂ ಕೆಲವು ಮನೆಯಲ್ಲಿ ಇದೆ, ಅದು ಮಗುವಿಗೆ ಸಿಗುವ ಮೊದಲ ರಕ್ಷಣೆ. ಜೇನುತುಪ್ಪ, ಸಕ್ಕರೆ ನೀರು ಬೇಡ. ಸಹಜ ಹೆರಿಗೆ ಆದರೂ ಎರಡು ದಿನ ಆಸ್ಪತ್ರೆಯಲ್ಲೇ ಇರಿ. ಮನೆಗೆ ಬರಲೂ ಸರ್ಕಾರಿ ಗಾಡಿ ಉಚಿತ.

ತಂಗಿಗೆ ಹೆರಿಗೆ ಆದ ಮೇಲೆ ನಮ್ಮ ಬೀದಿಯ ಹೆಂಗಸರು ನೋಡಲು ಬಂದರು. ಮೊದಲು ಆ ಮೂರು ಪ್ರಶ್ನೆಯೇ ಬಂದವು. ನಾವು ಉತ್ತರ ಹೇಳಿ, ಹೇರಿಗೆ ಕೋಣೆಯೊಳಗೆ ನಡೆದದ್ದನ್ನೂ ಹೇಳಿದೆವು. ಸ್ವಲ್ಪ ಹೊತ್ತು ಎಲ್ಲ ಸುಮ್ಮನಿದ್ದರು. ಆಮೇಲೆ ಎದುರು ಮನೆ ಅತ್ತೆ ತಮ್ಮ ಎರಡನೇ ಹೆರಿಗೆ ಹೇಗಾಯಿತು ಅಂತ ಹೇಳಿದರು. ಮೂವತ್ತು ವರ್ಷದ ಹಿಂದಿನದು. ಅವರ ಸೊಸೆಗೂ ಅದು ಗೊತ್ತಿರಲಿಲ್ಲ. ಅವರು ಮುಗಿಸುವಷ್ಟರಲ್ಲಿ ಇನ್ನೊಬ್ಬರು ಶುರು ಮಾಡಿದರು. ಕಾಫಿ ಎರಡು ಸಲ ಕಾಯಿಸಬೇಕಾಯಿತು.

ಆ ಸೊಸೆಗೆ ಈಗ ಏಳು ತಿಂಗಳು. ಜೊತೆಗೆ ಯಾರು ಹೋಗುವುದು ಅಂತ ಅವರ ಮನೆಯಲ್ಲಿ ಮಾತಾಗಿದೆ. ಅವಳು ಅತ್ತೆಯೇ ಬರಲಿ ಅಂದಿದ್ದಾಳೆ. ಮುಂದಿನ 9ನೇ ತಾರೀಖು ಇಬ್ಬರೂ ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬರುತ್ತಾರೆ.